ರೋಬೋ ಕಾಮಿಕ್ಸ್‌ನ ಮೊದಲ ಸಂಚಿಕೆಯನ್ನು ನಾನು ಅಳೆದದ್ದು ಹೀಗೆ

ಹೊಸ ಕಾಮಿಕ್ಸ್ ಸರಣಿಯ ಮೊದಲ ಸಂಚಿಕೆ ಕೈಗೆ ಸಿಕ್ಕಾಗ ಮೊದಲ ಸಲ ನಾನು ಮಾತು ಓದುವುದೇ ಇಲ್ಲ. ಬರೀ ಚಿತ್ರ ನೋಡುತ್ತಾ ಪುಟ ತಿರುಗಿಸುತ್ತೇನೆ. ಇದು ಯಾರ ಕತೆ, ಯಾರಿಗೆ ಏನು ಬೇಕು ಅನ್ನೋದು ಅಷ್ಟರಲ್ಲೇ ಸುಮಾರಾಗಿ ಹೊಳೆಯಬೇಕು. ಮಾತು ಎರಡನೇ ಓದಿಗೆ.

‘ಡಿಸೆಂಡರ್’ ಓದಿದ್ದೂ ಹಾಗೆಯೇ. 2015ರ ಮಾರ್ಚ್‌ನಲ್ಲಿ ಅಮೆರಿಕದ ಇಮೇಜ್ ಕಾಮಿಕ್ಸ್ ಇದರ ಮೊದಲ ಸಂಚಿಕೆ ತಂದಿತು. ಬರೆದವರು ಜೆಫ್ ಲೆಮೀರ್, ಚಿತ್ರ ಡಸ್ಟಿನ್ ನುಯೆನ್ ಅವರದು.

ಕಣ್ಣು ಮೊದಲು ನಿಂತದ್ದು ಬಣ್ಣದ ಮೇಲೆ. ರೋಬೋ ಅಂದರೆ ಫಳಫಳ ಹೊಳೆಯುವ ಲೋಹ, ಗಟ್ಟಿ ಗೆರೆ, ಅಲ್ವಾ? ಇಲ್ಲಿ ಎಲ್ಲವೂ ಜಲವರ್ಣ. ಬಣ್ಣ ಅಲ್ಲಲ್ಲಿ ಗೆರೆ ದಾಟಿ ಹರಡಿದೆ, ಕೆಲವು ಕಡೆ ಕಾಗದದ ಬಿಳಿ ಹಾಗೇ ಉಳಿದಿದೆ. ಯಂತ್ರದ ಮುಖವೂ ಇದರಿಂದ ಮೆತ್ತಗೆ ಕಾಣುತ್ತದೆ. ಈ ಸರಣಿಯ ಚಿತ್ರಗಳಿಗೆ ನುಯೆನ್ ಅವರಿಗೆ 2016ರಲ್ಲಿ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿಯಾದ ಐಸ್ನರ್ ಬಂತು. ಬರಲೇಬೇಕಿತ್ತು.

ಕತೆ ಶುರುವಾಗುವುದು ದೊಡ್ಡ ಗದ್ದಲದಿಂದ. ಒಂಬತ್ತು ಗ್ರಹಗಳ ಮೇಲೆ ಒಂದೊಂದು ದೈತ್ಯ ರೋಬೋ ಬಂದು ನಿಂತು ದಾಳಿ ಮಾಡುತ್ತದೆ. ಗ್ರಹದ ಹೆಸರು, ಒಕ್ಕೂಟದ ಹೆಸರು, ವಿಜ್ಞಾನಿ ಕ್ವಾನ್, ಎಲ್ಲ ಒಟ್ಟಿಗೇ ಬಂದು ತಲೆ ಮೇಲೆ ಬೀಳುತ್ತವೆ. ಈ ಭಾಗ ನನಗೆ ಭಾರ ಅನಿಸಿತು.

ಹತ್ತು ವರ್ಷ ದಾಟಿದ ಮೇಲೆ ನಿಜವಾದ ಕತೆ. ದೂರದ ಗಣಿ ಕಾಲೊನಿಯಲ್ಲಿ ಟಿಮ್-21 ಕಣ್ಣು ಬಿಡುತ್ತಾನೆ. ಮಕ್ಕಳ ಜೊತೆಗಿರಲೆಂದೇ ಮಾಡಿದ, ಹುಡುಗನಂತೆ ಕಾಣುವ ರೋಬೋ. ಸುತ್ತ ಹೆಣಗಳು. ಅವನು ಹುಡುಕುವುದು ತನ್ನ ಗೆಳೆಯ ಆಂಡಿಯನ್ನು. ಇಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ರೋಬೋ ಬದಲು ಮಾಮೂಲಿ ಹುಡುಗನನ್ನು ಇಟ್ಟರೆ ಈ ದೃಶ್ಯ ನಡೆಯುತ್ತಾ? ನಡೆದರೆ ರೋಬೋ ಸುಮ್ನೆ ಅಲಂಕಾರ. ಇಲ್ಲಿ ನಡೆಯುವುದಿಲ್ಲ. ಹತ್ತು ವರ್ಷ ನಿದ್ದೆಯಲ್ಲೇ ಇದ್ದ ಟಿಮ್‌ಗೆ ಆಂಡಿ ನಿನ್ನೆ ತಾನೇ ಜೊತೆಗಿದ್ದ ಹುಡುಗ. ಬದುಕಿದ್ದರೆ ಆಂಡಿ ಈಗ ಬೆಳೆದ ಗಂಡಸು. ಟಿಮ್ ಮಾತ್ರ ಅಷ್ಟೇ ಪುಟ್ಟವನು. ಯಂತ್ರಕ್ಕೆ ಮಾತ್ರ ಬರಬಹುದಾದ ಸಂಕಟ ಇದು. ನನ್ನ ಲೆಕ್ಕದಲ್ಲಿ ಸಂಚಿಕೆ ಗೆದ್ದದ್ದು ಇಲ್ಲೇ.

ಕೊನೆಗೆ ನೋಡುವುದು ಕೊಕ್ಕೆಯನ್ನು, ಅಂದರೆ ಮುಂದಿನ ಸಂಚಿಕೆಗೆ ಎಳೆಯುವ ಎಳೆಯನ್ನು. ಆ ದೈತ್ಯರ ಒಳಗಿನ ಕೋಡ್‌ಗೂ ಟಿಮ್ ಮಾದರಿಯ ರೋಬೋಗಳ ಕೋಡ್‌ಗೂ ನಂಟಿದೆ ಅಂತ ಗೊತ್ತಾಗುತ್ತದೆ. ಹೊಡೆದಾಟದ ನಡುವೆ ಕತೆ ನಿಲ್ಲಿಸೋದು ಸುಲಭ. ಇಲ್ಲಿ ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ. ಯಾರ ಮೇಲೆ ಈಗಷ್ಟೇ ಅಕ್ಕರೆ ಹುಟ್ಟಿತೋ ಅವನ ಮೇಲೇ ಅನುಮಾನ ಬರುವಂತೆ ಮಾಡಿದ್ದಾರೆ. ಸರಣಿ 32 ಸಂಚಿಕೆಗಳವರೆಗೆ ನಡೆದು 2018ರಲ್ಲಿ ಮುಗಿಯಿತು.

ಓದುವವರಿಗೆ ಒಂದು ಮಾತು. ಫೋನಿನಲ್ಲಿ ಚೌಕ ಚೌಕವಾಗಿ ದೊಡ್ಡದು ಮಾಡಿಕೊಂಡು ಓದಬೇಡಿ. ನುಯೆನ್ ಬಿಟ್ಟ ಬಿಳಿ ಜಾಗವೆಲ್ಲ ಕತ್ತರಿಸಿ ಹೋಗುತ್ತದೆ. ಪುಸ್ತಕ ಸಿಗದಿದ್ದರೆ ಇಡೀ ಪುಟ ಒಮ್ಮೆಗೇ ಕಾಣುವಷ್ಟು ದೊಡ್ಡ ಪರದೆಯಲ್ಲಿ ಓದಿ.