ಯುದ್ಧದ ಸಾವುನೋವು ವರದಿ ಮಾಡುವವರಿಗೆ: ಹೆಸರು, ಲೆಕ್ಕ, ಒಪ್ಪಿಗೆ

1992ರಿಂದ 95ರವರೆಗಿನ ಬೋಸ್ನಿಯಾ ಯುದ್ಧದಲ್ಲಿ ಎರಡು ಲಕ್ಷ ಜನ ಸತ್ತರು ಎಂಬ ಅಂಕಿ ವರ್ಷಗಟ್ಟಲೆ ಸುದ್ದಿಗಳಲ್ಲಿ ಓಡಾಡಿತು. ಸರಾಯೆವೊದ ಸಂಶೋಧನೆ ಮತ್ತು ದಾಖಲಾತಿ ಕೇಂದ್ರ ಒಬ್ಬೊಬ್ಬರ ಹೆಸರು ಹಿಡಿದು ಲೆಕ್ಕ ಹಾಕಿ 2007ರಲ್ಲಿ ಪಟ್ಟಿ ಹೊರತಂದಾಗ ಅದರಲ್ಲಿದ್ದವರು 97,207 ಮಂದಿ, ಸತ್ತವರೂ ಕಾಣೆಯಾದವರೂ ಸೇರಿ. ಅಂಕಿ ಅರ್ಧಕ್ಕಿಳಿದರೂ ಅದರ ತೂಕ ಹೆಚ್ಚಿತು. ಒಂದೊಂದು ಸಾವಿಗೂ ಹೆಸರು, ಊರು, ತಾರೀಖು ಸಿಕ್ಕಮೇಲೆ ‘ಅಂಥದ್ದೇನೂ ನಡೆದೇ ಇಲ್ಲ’ ಎನ್ನುವುದು ಕಷ್ಟ. ಆದ್ದರಿಂದ ಕೆಲಸವನ್ನು ಹೆಸರಿನಿಂದ ಶುರುಮಾಡಿ.

ಒಂದು ದಾಳಿಗೆ ಒಂದು ಪುಟ

ಪ್ರತಿ ದಾಳಿಗೂ ಪ್ರತ್ಯೇಕ ಪುಟ ತೆಗೆದು ಕ್ರಮಸಂಖ್ಯೆ ಕೊಡಿ. ಮೇಲೆ ತಾರೀಖು, ಸ್ಥಳೀಯ ಸಮಯ, ಜಾಗ. ಕೆಳಗೆ ಸತ್ತವರೊಬ್ಬರಿಗೆ ಒಂದೊಂದು ಸಾಲು: ಪೂರ್ತಿ ಹೆಸರು (ಅವರದೇ ಲಿಪಿಯಲ್ಲಿ, ಮನೆಯವರ ಕೈಯಲ್ಲೇ ಬರೆಸಿಕೊಳ್ಳಿ), ತಂದೆ ಅಥವಾ ತಾಯಿಯ ಹೆಸರು, ವಯಸ್ಸು, ಹೆಣ್ಣೋ ಗಂಡೋ, ಗಾಯದ ಬಗೆ, ಸತ್ತ ಜಾಗ, ಹೂತ ಜಾಗ, ನಾಗರಿಕರೋ ಹೋರಾಟಗಾರರೋ, ಹಾಗೆ ಹೇಳಲು ಆಧಾರವೇನು. ಕೊನೆಯ ಎರಡು ಕಾಲಂಗಳನ್ನು ಎಂದೂ ಖಾಲಿ ಬಿಡಬೇಡಿ: ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು. ಕಣ್ಣಾರೆ ಕಂಡವರು, ಶವ ಎತ್ತಿದವರು, ಯಾರಿಂದಲೋ ಕೇಳಿದವರು, ಈ ಮೂವರ ಮಾತಿನ ಬೆಲೆ ಒಂದೇ ಅಲ್ಲ. ಸಾಕ್ಷಿಗಳ ಹೆಸರಿನ ಬದಲು ‘ಸಾ-14’ ಎಂಬಂಥ ಸಂಕೇತ ಬರೆಯಿರಿ. ಯಾವ ಸಂಕೇತ ಯಾರದು ಎಂಬ ಪಟ್ಟಿಯನ್ನು ಈ ಪುಟಗಳ ಜತೆಗೆ ಇಟ್ಟುಕೊಂಡು ಚೆಕ್‌ಪೋಸ್ಟ್ ದಾಟಬೇಡಿ.

ಲೆಕ್ಕ ಎರಡೂ ಕಡೆಗೆ ತಪ್ಪುತ್ತದೆ. ಗಾಯಾಳುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಿದರೆ ಎರಡು ಕಡೆಯೂ ದಾಖಲಾಗುತ್ತದೆ. ಮನೆಯಲ್ಲಿ ಕರೆಯುವ ಹೆಸರು ಒಂದು ಪಟ್ಟಿಯಲ್ಲಿ, ಕಾಗದದ ಹೆಸರು ಇನ್ನೊಂದರಲ್ಲಿ ಇದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ಹೆಸರು, ವಯಸ್ಸು, ತಂದೆಯ ಹೆಸರು, ತಾರೀಖು, ಈ ನಾಲ್ಕನ್ನೂ ಒಟ್ಟಿಗೆ ಹೋಲಿಸಿ ನೋಡಿ. ಇನ್ನೊಂದು ಕಡೆ, ಇಡೀ ಕುಟುಂಬವೇ ಸತ್ತರೆ ಹೆಸರು ಕೊಡಲು ಯಾರೂ ಉಳಿದಿರುವುದಿಲ್ಲ. ಶವಾಗಾರಕ್ಕೆ ದಾರಿಯಿಲ್ಲದೆ ಅಂಗಳದಲ್ಲೇ ಹೂತವರು ಯಾವ ರಿಜಿಸ್ಟರಿಗೂ ಬರುವುದಿಲ್ಲ. ಇಂಥವರು ಸಿಗುವುದು ಪಕ್ಕದ ಮನೆಯವರಿಂದ, ಗುಂಡಿ ತೋಡಿದವರಿಂದ, ಆಂಬುಲೆನ್ಸ್ ಚಾಲಕರಿಂದ. ಕಾಣೆಯಾದವರನ್ನು ಸತ್ತವರ ಜತೆ ಕೂಡಿಸದೆ ಬೇರೆ ಹಾಳೆಯಲ್ಲಿಡಿ.

ದೊಡ್ಡ ಅಂಕಿ ಉಲ್ಲೇಖಿಸುವಾಗ ಅದು ಏನನ್ನು ಎಣಿಸಿದೆ ಎಂದು ಅದೇ ವಾಕ್ಯದಲ್ಲಿ ಹೇಳಿ. ಇರಾಕ್ ಯುದ್ಧದ ಕುರಿತು 2006ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನ ಹೇಳಿದ್ದು 6,54,965 ಹೆಚ್ಚುವರಿ ಸಾವು, ಅಂದರೆ ಯುದ್ಧವಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಾದ ಸಾವು. ಅದು ಮನೆಮನೆ ಸಮೀಕ್ಷೆಯಿಂದ ತೆಗೆದ ಅಂದಾಜು. ಅದರ ವ್ಯಾಪ್ತಿ 3,92,979ರಿಂದ 9,42,636ರವರೆಗೆ, ಅದರ ವಿಧಾನದ ಬಗ್ಗೆ ದೊಡ್ಡ ವಿವಾದವೂ ನಡೆಯಿತು. ‘ಇರಾಕ್ ಬಾಡಿ ಕೌಂಟ್’ ಎಂಬ ಯೋಜನೆ ಎಣಿಸುವುದು ಮುಖ್ಯವಾಗಿ ಸುದ್ದಿಗಳಲ್ಲೂ ದಾಖಲೆಗಳಲ್ಲೂ ಸಿಕ್ಕ, ಹಿಂಸೆಯಿಂದಾದ ನಾಗರಿಕರ ಸಾವುಗಳನ್ನು. ಆ ಅಂಕಿ ಬಹಳ ಕಡಿಮೆ ಬಂತು. ಎರಡನ್ನು ಅಕ್ಕಪಕ್ಕ ಇಟ್ಟು ‘ಯಾವುದೋ ಒಂದು ಸುಳ್ಳು’ ಎನ್ನುವುದು ಓದುಗರಿಗೆ ಮಾಡುವ ಮೋಸ. ಡಯಾಲಿಸಿಸ್ ನಿಂತು, ಇನ್ಸುಲಿನ್ ಸಿಗದೆ, ಹೆರಿಗೆಗೆ ರಸ್ತೆ ತೆರೆಯದೆ ಸತ್ತವರು ಬಾಂಬಿನ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗಾಗಿ ನೀವೇ ಒಂದು ಪಟ್ಟಿ ಶುರುಮಾಡಬೇಕು.

ಕಳೆದುಕೊಂಡವರ ಜತೆ ಮಾತು

ಒಪ್ಪಿಗೆ ಮೂರು ಬಗೆಯದು: ಹೆಸರಿಗೆ, ಮುಖಕ್ಕೆ, ಜಾಗಕ್ಕೆ. ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ಇದು ಇಂಟರ್ನೆಟ್ಟಿನಲ್ಲಿ ಉಳಿಯುತ್ತದೆ, ಎದುರು ಪಕ್ಷದವರೂ ಓದುತ್ತಾರೆ ಎಂದು ಮೊದಲೇ ಬಿಡಿಸಿ ಹೇಳಿ. ಮಾತು ಮುಗಿದಮೇಲೆ ಮತ್ತೊಮ್ಮೆ ಕೇಳಿ, ಯಾಕೆಂದರೆ ತಾವು ಏನೆಲ್ಲ ಹೇಳಿಬಿಟ್ಟೆವು ಎಂದು ಅವರಿಗೆ ತಿಳಿಯುವುದು ಆಗಲೇ.

ದುಭಾಷಿ ನಿಮ್ಮ ಪಕ್ಕ, ಕೊಂಚ ಹಿಂದೆ ಕೂರಲಿ. ನಿಮ್ಮ ಕಣ್ಣು ಮಾತಾಡುವವರ ಮೇಲಿರಲಿ. ‘ನಾನು ಓಡಿದೆ’ ಎಂದರೆ ‘ನಾನು ಓಡಿದೆ’ ಎಂದೇ ಅನುವಾದಿಸಲಿ, ‘ಓಡಿದರಂತೆ’ ಬೇಡ. ಮನೆಯವರನ್ನು ದುಭಾಷಿ ಮಾಡಿದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಕೆಲವು ಮಾತು ನುಂಗುತ್ತಾರೆ.

‘ನಿಮಗೆ ಏನನ್ನಿಸಿತು?’ ಎಂದು ಕೇಳಬೇಡಿ. ಆ ದಿನ ಬೆಳಗ್ಗೆ ಯಾರು ಮೊದಲು ಎದ್ದರು, ಯಾರು ಎಲ್ಲಿ ಕೂತಿದ್ದರು, ಮೊದಲು ಕೇಳಿದ ಸದ್ದು ಯಾವುದು ಎಂದು ಗಂಟೆಗಂಟೆಯಾಗಿ ಮುಂದೆ ಬನ್ನಿ. ಮನೆಯ ನಕ್ಷೆ ಬಿಡಿಸಲು ಕಾಗದ, ಪೆನ್ಸಿಲ್ ಕೊಡಿ. ಬಾಯಲ್ಲಿ ಹೇಳಲಾಗದ ವಿವರ ಕೈಯಲ್ಲಿ ಬರುವುದುಂಟು. ಸಮಯ ಹಿಂದುಮುಂದಾದರೆ ಸುಳ್ಳೆಂದು ತಿಳಿಯಬೇಡಿ, ಆಘಾತಗೊಂಡವರ ನೆನಪು ಹಾಗೇ ಇರುತ್ತದೆ. ಒಂದೂವರೆ ಗಂಟೆ ದಾಟಿಸಬೇಡಿ. ಕೊನೆಯಲ್ಲಿ ಮಾತನ್ನು ಈ ಹೊತ್ತಿಗೆ ತನ್ನಿ: ಇಂದು ಎಲ್ಲಿ ಮಲಗುತ್ತೀರಿ, ಜತೆಗೆ ಯಾರಿದ್ದಾರೆ. ದುಡ್ಡು ಕೊಡಬೇಡಿ, ‘ವರದಿ ಬಂದರೆ ಸಹಾಯ ಸಿಗುತ್ತದೆ’ ಎಂಬ ಆಸೆಯನ್ನೂ ಹುಟ್ಟಿಸಬೇಡಿ.

ಲೈಂಗಿಕ ಹಿಂಸೆಗೆ ಒಳಗಾದವರು ಈಗಾಗಲೇ ಬೇರೆ ವರದಿಗಾರರಿಗೋ ತನಿಖೆಯವರಿಗೋ ಹೇಳಿದ್ದರೆ ಮತ್ತೆ ಹೇಳಿಸುವ ಅಗತ್ಯವಿದೆಯೇ ಎಂದು ಮೊದಲು ಯೋಚಿಸಿ. 2022ರಲ್ಲಿ ಬಂದ ‘ಮುರಾದ್ ಸಂಹಿತೆ’ ಇಂಥವರಿಂದ ಮಾಹಿತಿ ಪಡೆಯುವವರಿಗೆಂದೇ ಬರೆದ ನೀತಿಸಂಹಿತೆ. ಹೊರಡುವ ಮುಂಚೆ ಪೂರ್ತಿ ಓದಿಕೊಳ್ಳಿ. ಮಕ್ಕಳಿಂದ ಸಾವಿನ ಕಥೆ ಹೇಳಿಸಲೇಬೇಡಿ.

ಚಿತ್ರ ಮತ್ತು ವಿಡಿಯೊ

ಫೋನಿನ ಕ್ಯಾಮೆರಾ ತೆಗೆದ ಫೋಟೊದೊಳಗೆ ಜಾಗದ ಗುರುತು ಕೂತಿರಬಹುದು. ಮೂಲ ಫೈಲನ್ನು ಮುಟ್ಟದೆ, ಎನ್‌ಕ್ರಿಪ್ಟ್ ಮಾಡಿದ ಡ್ರೈವಿನಲ್ಲಿಟ್ಟು, ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ, ಫೈಲು ಕೊಂಚ ಬದಲಾದರೂ ಬದಲಾಗುವ ಗುರುತು) ಬರೆದಿಡಿ. ಫೈಲು ಬದಲಾಗಿಲ್ಲ ಎಂದು ಮುಂದೆ ತೋರಿಸಲು ಅದು ಬೇಕು. ಪ್ರಕಟಣೆಗೆ ಬೇರೆ ಪ್ರತಿ ಮಾಡಿ, ಒಳಗಿನ ಮಾಹಿತಿ ಅಳಿಸಿ. ಮುಖ ಮರೆಸಲು ಮಸುಕು ಸಾಲದು, ಅದರಿಂದ ಗುರುತು ಹಿಡಿಯುವುದುಂಟು. ಪೂರ್ತಿ ಕಪ್ಪು ಪಟ್ಟಿ ಹಾಕಿ. ಧ್ವನಿಯ ಏರಿಳಿತ ಬದಲಿಸಿದ್ದನ್ನು ಹಿಂದಿರುಗಿಸಬಹುದು, ಆದ್ದರಿಂದ ಅದೇ ಮಾತನ್ನು ಇನ್ನೊಬ್ಬರಿಂದ ಓದಿಸಿ. ಉಂಗುರ, ಹಚ್ಚೆ, ಕಿಟಕಿಯಾಚೆಯ ಗೋಪುರ ಕೂಡ ಜನರನ್ನು ಹಿಡಿದುಕೊಡುತ್ತವೆ. ಯುದ್ಧಕೈದಿಗಳ ಮುಖ ತೋರಿಸಬೇಡಿ: ಅವರನ್ನು ಸಾರ್ವಜನಿಕ ಕುತೂಹಲದಿಂದ ಕಾಪಾಡಬೇಕೆಂದು 1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುತ್ತದೆ.

ದಾಳಿಯಾದ ಜಾಗಕ್ಕೆ ಕೂಡಲೇ ನುಗ್ಗಬೇಡಿ. ನೆರವಿಗೆ ಬಂದವರ ಮೇಲೆ ಅದೇ ಜಾಗದಲ್ಲಿ ಎರಡನೇ ದಾಳಿಯಾಗುವುದುಂಟು. ಪತ್ರಕರ್ತರನ್ನು ನಾಗರಿಕರೆಂದೇ ಕಾಣಬೇಕೆಂದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 79ನೇ ವಿಧಿ ಹೇಳಿದರೂ ಅದು ಕವಚವಾಗುವುದಿಲ್ಲ. ಟೂರ್ನಿಕೆಟ್ (ರಕ್ತ ಸೋರುವುದನ್ನು ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಕೈಗೆಟುಕುವಲ್ಲಿರಲಿ, ಕಟ್ಟಿದ ಸಮಯವನ್ನು ಅದರ ಮೇಲೇ ಬರೆಯಿರಿ.

ಅಚ್ಚಿಗೆ ಕಳಿಸುವ ಮುನ್ನ

ಸತ್ತವರ ಹೆಸರು ಹಾಕುವ ಮೊದಲು ಹತ್ತಿರದವರಿಗೆಲ್ಲ ಸುದ್ದಿ ತಲುಪಿದೆಯೇ ಎಂದು ವಿಚಾರಿಸಿ. ದೂರದ ಊರಿನಲ್ಲಿರುವ ಮಗ ಅಪ್ಪನ ಸಾವನ್ನು ನಿಮ್ಮ ವರದಿಯಿಂದ ತಿಳಿಯಬಾರದು. ದಾಳಿ ಮಾಡಿದವರು ಯಾರೆಂದು ಗೊತ್ತಿದ್ದರೆ ಆಧಾರ ಸಮೇತ ಬರೆಯಿರಿ, ಗೊತ್ತಿರದಿದ್ದರೆ ಖಚಿತವಾಗಿಲ್ಲ ಎಂದೇ ಬರೆಯಿರಿ. ಆರೋಪ ಬಂದ ಪಕ್ಷಕ್ಕೆ ತಾರೀಖು, ಸಮಯ, ಜಾಗ ಸಮೇತ ಪ್ರಶ್ನೆ ಕಳಿಸಿ ಉತ್ತರಕ್ಕೆ ಗಡುವು ಕೊಡಿ. ದುಭಾಷಿಯ ಹೆಸರು ಹಾಕುವುದು ಅವರಿಗೆ ಅಪಾಯವೋ ಗೌರವವೋ ಎಂದು ಅವರೇ ತೀರ್ಮಾನಿಸಲಿ.

ಪಟ್ಟಿಯ ಪ್ರತಿ ಆವೃತ್ತಿಗೂ ತಾರೀಖು ಹಾಕಿ, ಹಳೆಯದನ್ನು ಅಳಿಸಬೇಡಿ. ಸತ್ತರೆಂದು ಬರೆದವರು ಬದುಕಿದ್ದರೆ ಮೊದಲು ಮನೆಯವರಿಗೆ ತಿಳಿಸಿ, ಆಮೇಲೆ ಹೆಸರು ತೆಗೆದು, ತೆಗೆದದ್ದನ್ನು ಓದುಗರಿಗೂ ಹೇಳಿ.