ಬೆಲ್ಲ ಹಾಕದೆ ಸಿಹಿಯಾದ ರಾಗಿ ಮಾಲ್ಟ್: ನನ್ನ ಅನುಭವ

ಬೆಲ್ಲ, ಸಕ್ಕರೆ ಏನೂ ಹಾಕದೆ ರಾಗಿ ಮಾಲ್ಟ್ ಸಿಹಿ ಮಾಡ್ತೀನಿ ಅಂದಾಗ ಚಿಂತಾಮಣಿಯಲ್ಲಿ ನಮ್ಮ ಬೀದಿಯವರೆಲ್ಲ ನಕ್ಕಿದ್ದರು. "ರಾಗಿಯಿಂದ ಎಲ್ಲಾದ್ರೂ ಸಿಹಿ ಬರುತ್ತೇನಮ್ಮಾ?" ಅಂದಿದ್ದರು ನಮ್ಮತ್ತೆ. ಈಗ ಬೆಳಿಗ್ಗೆ ಮೊದಲ ಲೋಟ ಅವರಿಗೇ ಬೇಕು.

ರಾಗಿ ನೆನೆಸುವುದು, ಮೊಳಕೆ ಕಟ್ಟುವುದು ನಿಮಗೆ ಗೊತ್ತಿರುವುದೇ. ನಾನು ದುಡ್ಡು ಕಳೆದುಕೊಂಡಿದ್ದು ಎಲ್ಲಿ ಅಂತ ಹೇಳುತ್ತೇನೆ. ಮೊದಲ ಸಲ ಜಿಪಿಯು-28 ಅನ್ನುವ ತಳಿಯ ರಾಗಿ ಹತ್ತಿರ ಹತ್ತಿರ 20 ಕೆಜಿ ಕಟ್ಟಿದ್ದೆ. ಮಳೆಗಾಲ. ಮೂರನೇ ದಿನ ಗಂಟು ಬಿಚ್ಚಿದರೆ ಬರೀ ಬೂಷ್ಟು, ಒಳಗೆ ಕೈ ಇಟ್ಟರೆ ಬಿಸಿ. ಹಸುವಿಗೂ ಹಾಕದೆ ತಿಪ್ಪೆಗೆ ಸುರಿದೆ. ಎಂಟುನೂರು ರೂಪಾಯಿ ಹೋಯಿತು. ಎರಡನೇ ಸಲ ಮೊಳಕೆ ಚೆನ್ನಾಗೇ ಬಂತು. ಘಮ ಬರಲಿ ಅಂತ ಹಸಿ ಇರುವಾಗಲೇ ಬಾಣಲೆಗೆ ಹಾಕಿ ಕೆಂಪಗೆ ಹುರಿದುಬಿಟ್ಟೆ. ಘಮ ಬಂತು, ಸಿಹಿ ಬರಲಿಲ್ಲ. ಇನ್ನೊಂದು ಸಲವೂ ಅದೇ ಕಥೆ. ಮಿಲ್ಲಿನ ಖರ್ಚೂ ಸೇರಿ ಮೂರು ಸಾವಿರ ಮುಳುಗಿತು.

ಸುಳಿವು ಸಿಕ್ಕಿದ್ದು ತಂಗಿಯ ಮಗುವಿನ ಬಟ್ಟಲಲ್ಲಿ. ಅರ್ಧ ತಿಂದು ಬಿಟ್ಟ ರಾಗಿ ಸರಿ ಸ್ವಲ್ಪ ಹೊತ್ತಿಗೆ ನೀರಾಗಿತ್ತು. ಪಾತ್ರೆಯಲ್ಲಿದ್ದದ್ದು ಮಾತ್ರ ಹಾಗೇ ಗಟ್ಟಿ. ಪಿಯುಸಿ ಓದುವ ಮಗಳು, "ಎಂಜಲಿನ ಚಮಚ ಅಲ್ವಾ ಅಮ್ಮಾ? ಎಂಜಲಲ್ಲಿ ಅಮೈಲೇಸ್ ಅನ್ನೋ ಕಿಣ್ವ, ಅಂದ್ರೆ ಎನ್ಜೈಮ್ ಇದೆ, ಪಿಷ್ಟವನ್ನು ತುಂಡು ಮಾಡಿ ಸಕ್ಕರೆ ಮಾಡುತ್ತೆ. ಮೊಳಕೆಯಲ್ಲೂ ಅದೇ ತರದ ಕಿಣ್ವ ಇರುತ್ತೆ" ಅಂದಳು. 1833ರಲ್ಲೇ ಫ್ರಾನ್ಸಿನ ಪಾಯೆನ್, ಪೆರ್ಸೋ ಅನ್ನುವ ವಿಜ್ಞಾನಿಗಳು ಮೊಳಕೆ ಬಾರ್ಲಿಯಿಂದ ಇದನ್ನು ಬೇರೆ ಮಾಡಿ ತೆಗೆದಿದ್ದರಂತೆ. ನಾನು ಅದನ್ನೇ ಬಾಣಲೆಯಲ್ಲಿ ಸಾಯಿಸುತ್ತಿದ್ದೆ.

ಈಗ ಮೊಳಕೆಯನ್ನು ಬಿಸಿಲಲ್ಲೇ ಒಣಗಿಸುತ್ತೇನೆ, ಹುರಿಯುವುದಿಲ್ಲ. ಘಮಕ್ಕೆ ಬೇರೆ ರಾಗಿ ಹುರಿದು ಸೇರಿಸುತ್ತೇನೆ. ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ.

ಮೊದಲು ಮೊಳಕೆ ಕಟ್ಟದ ಹಿಟ್ಟಿನ ಗಂಜಿ ಚೆನ್ನಾಗಿ ಬೇಯಬೇಕು. ಬೇಯದ ಹಿಟ್ಟಿನ ಮೇಲೆ ಕಿಣ್ವದ ಆಟ ಅಷ್ಟಾಗಿ ನಡೆಯುವುದಿಲ್ಲ. ಲೀಟರ್ ನೀರಿಗೆ 150 ಗ್ರಾಂ ಹಾಕಿದರೆ ಸೌಟು ನೆಟ್ಟಗೆ ನಿಲ್ಲುತ್ತದೆ. 60-65 ಡಿಗ್ರಿಗೆ ಆರಿಸಿ, ಎರಡು ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿ. ಕಲಕುತ್ತಿದ್ದ ಹಾಗೇ ಕೈ ಹಗುರಾಗುತ್ತದೆ. ಹತ್ತು ನಿಮಿಷಕ್ಕೆ ಲೋಟದಿಂದ ಲೋಟಕ್ಕೆ ಸುರಿಯುವಷ್ಟು ತೆಳ್ಳಗೆ! ಇಡೀ ಪಾತ್ರೆಗೆ ಎರಡೇ ಚಮಚ ಸಾಕಾ ಅಂತ ಕೇಳುತ್ತಾರೆ. ಕಿಣ್ವ ಖರ್ಚಾಗುವುದಿಲ್ಲ. ಒಂದು ತೆನೆ ಕೊಯ್ದ ಕುಡುಗೋಲು ಮುಂದಿನ ತೆನೆಗೆ ಹೋಗುತ್ತಲ್ಲ, ಹಾಗೆ.

ತೆಳ್ಳಗಾಗುವುದೇ ಬೇರೆ, ಸಿಹಿಯಾಗುವುದೇ ಬೇರೆ. ಸಿಹಿಗೆ ಮೊಳಕೆ ಹಿಟ್ಟು ಇನ್ನೂ ಜಾಸ್ತಿ ಬೇಕು, ಕಂಬಳಿ ಸುತ್ತಿ ಒಂದು ಗಂಟೆ ಇಡಬೇಕು. ಬಿಸಿ 70 ದಾಟಿದರೆ ಗಂಜಿ ತೆಳ್ಳಗಾಗುತ್ತದೆ, ಸಿಹಿ ಮಾತ್ರ ಏರುವುದಿಲ್ಲ. ಮುನ್ನೂರು ರೂಪಾಯಿಯ ಥರ್ಮಾಮೀಟರ್ ತರುವ ಮುಂಚೆ ಇದರಲ್ಲೇ ಎಷ್ಟೋ ಸಲ ಎಡವಿದ್ದೇನೆ. ಕೊನೆಗೆ ಒಂದು ಕುದಿ ಬರಿಸಿ ಕಿಣ್ವದ ಕೆಲಸ ನಿಲ್ಲಿಸಬೇಕು.

ಆಯಿತೋ ಇಲ್ಲವೋ ನೋಡಲು ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಸಾಕು. ಆರಿದ ಗಂಜಿ ಚೂರು ಬಿಳಿ ತಟ್ಟೆಗೆ ಹಾಕಿ ಒಂದು ಹನಿ ಬಿಡಿ. ಪಿಷ್ಟ ಹಾಗೇ ಇದ್ದರೆ ಕಪ್ಪು ನೀಲಿ, ಅದು ಮುರಿಯುತ್ತಾ ಹೋದ ಹಾಗೆ ನೇರಳೆ, ಆಮೇಲೆ ಕೆಂಪು ಕಂದು. ನೋಡಿದ್ದನ್ನು ಚೆಲ್ಲಿಬಿಡಿ, ಪಾತ್ರೆಗೆ ವಾಪಸ್ ಹಾಕಬೇಡಿ. ಸುಮ್ನೆ ಕುತೂಹಲಕ್ಕೆ ಮೊಳಕೆ ಹುರುಳಿಯ ಹಿಟ್ಟೂ ಹಾಕಿ ನೋಡಿದೆ. ಗಂಜಿ ಜಗ್ಗಲಿಲ್ಲ, ಹುರುಳಿ ವಾಸನೆ ಮಾತ್ರ ಉಳಿಯಿತು.

ಈಗ ದಿನಕ್ಕೆ ಅರವತ್ತು, ಎಪ್ಪತ್ತು ಲೋಟ ಮಾರುತ್ತೇನೆ. ಬೆಲ್ಲದ ಖರ್ಚೇ ತಿಂಗಳಿಗೆ ಸಾವಿರದೈನೂರರ ಹತ್ತಿರ ಉಳಿಯುತ್ತದೆ. ಶುಗರ್ ಇರುವವರು ಬಂದು, "ಬೆಲ್ಲ ಹಾಕಿಲ್ವಲ್ಲಾ, ಎರಡು ಲೋಟ ಕುಡೀಬಹುದಾ?" ಅಂತ ಕೇಳುತ್ತಾರೆ. ಬೆಲ್ಲ ಇಲ್ಲ ನಿಜ, ಆದರೆ ಪಿಷ್ಟ ಮುರಿದು ಆಗಿದ್ದೂ ಮಾಲ್ಟೋಸ್ ಅನ್ನುವ ಸಕ್ಕರೆಯೇ. ಹಾಗಂತ ಹೇಳಿಯೇ ಕೊಡುತ್ತೇನೆ. ಒಂದಿಬ್ಬರು ಲೋಟ ಕೆಳಗಿಟ್ಟು ಹೋಗಿದ್ದೂ ಇದೆ.