ಮನೆಯಲ್ಲಿ ಮಕ್ಕಳಿರುವ ರಜೆಯ ಪಾರ್ಟಿ: ಮೊದಲೇ ನೋಡಿಕೊಳ್ಳಬೇಕಾದ್ದು

ಕರೆಯುವಾಗಲೇ ಮುಗಿಯುವ ಹೊತ್ತನ್ನೂ ಹೇಳಿಬಿಡಿ. 5 ವರ್ಷದೊಳಗಿನ ಮಕ್ಕಳಿದ್ದರೆ 2 ಗಂಟೆ ಧಾರಾಳ ಸಾಕು. ಆಮೇಲೆ ನಿದ್ದೆ, ಹಸಿವು ಸೇರಿ ರಂಪ ಶುರು. ಯಾರಿಗೆ ಯಾವ ತಿನಿಸು ಅಲರ್ಜಿ ಅಂತಲೂ ಆಗಲೇ ಕೇಳಿಕೊಳ್ಳಿ.

ಬಂದ ಅರ್ಧ ಗಂಟೆಯೊಳಗೆ ಮಕ್ಕಳಿಗೆ ತಿನ್ನಲು ಕೊಡಿ, ದೊಡ್ಡವರ ಊಟ ನಿಧಾನಕ್ಕೆ ಆಗಲಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಅಡ್ಡಕ್ಕೆ ಕತ್ತರಿಸಿದರೆ ದುಂಡಗೇ ಉಳಿದು ಗಂಟಲಿಗೆ ಬಿರಡೆಯಂತೆ ಕೂರುತ್ತದೆ. 5 ವರ್ಷದೊಳಗಿನವರ ಕೈಗೆ ಇಡೀ ಬಾದಾಮಿ, ಕಡಲೆಬೀಜ ಸಿಗಬಾರದು. ಬಲೂನು ಒಡೆದರೆ ಚೂರುಗಳನ್ನು ಆ ಕ್ಷಣವೇ ಹೆಕ್ಕಿ ಎಸೆಯಿರಿ, ಊದುವುದು ದೊಡ್ಡವರ ಕೆಲಸ.

ಎಲ್ಲರೂ ಮರೆಯುವುದು ಅಲಂಕಾರದ ಪುಟ್ಟ ದೀಪಗಳನ್ನು. ಹಿಂಬದಿ ತಿರುಗಿಸಿ ನೋಡಿ: ಒಳಗೆ ಬಟನ್ ಸೆಲ್ (ನಾಣ್ಯದಂಥ ಪುಟ್ಟ ಬ್ಯಾಟರಿ) ಇದ್ದು ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ದೀಪವನ್ನು ಬಳಸಲೇಬೇಡಿ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ಸುಟ್ಟ ಗಾಯವಾಗಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಅತಿಥಿಗಳ ಬ್ಯಾಗುಗಳಲ್ಲಿ ಮಾತ್ರೆಗಳಿರುತ್ತವೆ. ಅವೆಲ್ಲ ಒಂದು ಕೋಣೆಗೆ ಹೋಗಲಿ, ಚಿಲಕ ಬೀಳಲಿ.

ಆಟ ಆಡಿಸುವಾಗ 'ಔಟ್' ಬೇಡ. ಮೊದಲು ಔಟಾಗುವುದು ಸಾಮಾನ್ಯವಾಗಿ ಚಿಕ್ಕವರೇ, ಆಮೇಲೆ ಗಲಾಟೆ ಎಬ್ಬಿಸುವವರೂ ಅವರೇ. ಕುರ್ಚಿ ಆಟದಲ್ಲಿ ಪ್ರತಿ ಸುತ್ತಿಗೆ ಒಂದು ಕುರ್ಚಿ ತೆಗೆಯಿರಿ, ಮಕ್ಕಳನ್ನಲ್ಲ. ಉಳಿದ ಕುರ್ಚಿಗಳಲ್ಲೇ ಒತ್ತೊತ್ತಾಗಿ ಕೂರಲಿ. ಗಟ್ಟಿಮುಟ್ಟಾದ, ಮಡಚಲಾಗದ ಕುರ್ಚಿಗಳೇ ಇರಲಿ, ಮಡಚುವಂಥವು ಬೆರಳು ಕಚ್ಚುತ್ತವೆ.